ಬಿಲ್ಲಿನಲ್ಲಿ ‘ಫಾರಂ’ ಲೆಕ್ಕದ ಬದಲು ಪುಟದ ಲೆಕ್ಕ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ಡಿಜಿಟಲ್ ಯಂತ್ರದಲ್ಲಿ ಮುದ್ರಿಸಿ ಅಂಟು ಬೈಂಡಿಂಗ್ ಮಾಡುವ ಪುಸ್ತಕಗಳ ಬಿಲ್ಲನ್ನು ನಮ್ಮ ಸಹಕಾರ ಸಂಘವು ಪುಟದ ಲೆಕ್ಕದಲ್ಲಿ ಮಾಡಲಿದೆ. ಹೊಲಿಗೆ ಬೈಂಡಿಂಗ್‌ಗೆ ಮಾತ್ರ 16 ಪುಟಕ್ಕೊಂದರಂತೆ ಫಾರಂ ಲೆಕ್ಕವೇ ಮುಂದುವರಿಯುತ್ತದೆ.

ಬಿಲ್ಲಿನಲ್ಲಿ ‘7 ಫಾರಂ’ ಎಂದಿರುವುದನ್ನು ನೋಡಿ, ಏಳು ಅರ್ಜಿ ತುಂಬಿಕೊಡಬೇಕೇ ಎಂದು ಕೇಳಿದವರಿದ್ದಾರೆ. ನಗುವಂಥ ಪ್ರಶ್ನೆಯೇನಲ್ಲ. ಅರ್ಜಿಯ ಫಾರಂ, ಅಚ್ಚಿನ ಫಾರಂ ಎರಡಕ್ಕೂ ಮೂಲ ಒಂದೇ: ಆಕಾರ, ಎರಕದ ಅಚ್ಚು ಎಂಬ ಅರ್ಥದ ಲ್ಯಾಟಿನ್ ಪದ ‘ಫಾರ್ಮಾ’. ಅಕ್ಷರಕ್ಕೊಂದರಂತೆ ಸೀಸದ ಅಚ್ಚುಮೊಳೆಗಳಿದ್ದ ಕಾಲದಲ್ಲಿ, ಅವುಗಳಿಂದ ಜೋಡಿಸಿದ ಪುಟಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿ, ಅಲುಗದಂತೆ ಬಿಗಿದು ಯಂತ್ರಕ್ಕೆ ಏರಿಸುತ್ತಿದ್ದರು. ಹಾಗೆ ಬಿಗಿದ ಕಟ್ಟೇ ಫಾರಂ. ಹಾಳೆಯ ಒಂದು ಮಗ್ಗುಲಿಗೆ ಎಂಟು ಪುಟಗಳ ಕಟ್ಟು, ಇನ್ನೊಂದು ಮಗ್ಗುಲಿಗೆ ಮತ್ತೆಂಟರದು. ಮೂರು ಸಲ ಮಡಿಸಿದರೆ 16 ಪುಟ. ಬರಬರುತ್ತಾ ಈ ಕಟ್ಟಿನ ಹೆಸರು ಮಡಿಸಿದ ಹಾಳೆಗೇ ಅಂಟಿಕೊಂಡಿತು. ಮೊಳೆಗಳು ಹೋದ ಮೇಲೂ ಅದು ನಮ್ಮ ಬಿಲ್ಲುಪುಸ್ತಕವನ್ನು ಬಿಡಲಿಲ್ಲ.

ಫಾರಂನೊಳಗೆ ಪುಟಗಳು ಸಾಲಾಗಿ ಕೂರುವುದಿಲ್ಲ. 1ರ ಪಕ್ಕ 16, 4ರ ಪಕ್ಕ 13, 8ರ ಪಕ್ಕ 9. ಬೆನ್ನಿನ ಮಡಿಕೆಯ ಅತ್ತಿತ್ತಲಿನ ಜೋಡಿಯನ್ನು ಕೂಡಿದರೆ ಯಾವಾಗಲೂ 17. ಖಾಲಿ ಹಾಳೆಯೊಂದನ್ನು ಮಡಿಸಿ, ಅಂಚು ಕತ್ತರಿಸದೆ ಪುಟಸಂಖ್ಯೆ ಬರೆದು ಬಿಚ್ಚಿದರೆ ಅರ್ಧ ಅಂಕಿಗಳು ತಲೆಕೆಳಗಾಗಿರುತ್ತವೆ. ಎಷ್ಟು ವರ್ಷ ಈ ಕೆಲಸ ಮಾಡಿದರೂ ನಮಗೆ ಅದನ್ನು ನೋಡುವ ಖುಷಿ ಕಡಿಮೆಯಾಗಿಲ್ಲ. (ಮಡಿಸಿದ ಹಾಳೆಗೆ ಇಂಗ್ಲಿಷಿನಲ್ಲಿ ಸಿಗ್ನೇಚರ್ ಎನ್ನುತ್ತಾರೆ. ಅದು ಯಾರ ಸಹಿಯೂ ಅಲ್ಲ. ಹಾಳೆಗಳ ಕ್ರಮ ತಪ್ಪದಿರಲೆಂದು ಮೊದಲ ಪುಟದ ಅಡಿಯಲ್ಲಿ ಬೈಂಡರಿಗಾಗಿ ಹಾಕುತ್ತಿದ್ದ ಅಕ್ಷರದ ಗುರುತು.)

ಫಾರಂ ಲೆಕ್ಕದಿಂದ ನಿಮಗಾಗುತ್ತಿದ್ದ ನಷ್ಟವನ್ನೂ ಹೇಳಬೇಕು. ನೂರು ಪುಟದ ಪುಸ್ತಕದಲ್ಲಿ 96 ಪುಟಗಳು ಆರು ಫಾರಂಗೆ ಸರಿಹೋಗುತ್ತವೆ. ಮಿಕ್ಕ ನಾಲ್ಕು ಪುಟಗಳಿಗೆ ಏಳನೆಯ ಫಾರಂನ ಪೂರ್ತಿ ಹಣ ಬೀಳುತ್ತಿತ್ತು. ಬಿಡಿಹಾಳೆಗಳಿಗೆ ಅಂಟು ಹಚ್ಚುವ ಪುಸ್ತಕಕ್ಕೂ ಇದನ್ನೇ ಹಿಡಿದುಕೊಂಡು ಬಂದದ್ದು ನಮ್ಮ ಸೋಮಾರಿತನ. ಕ್ಷಮೆ ಇರಲಿ.

ಹೊಲಿಗೆಯ ಮಾತು ಬೇರೆ. ದಾರ ಹಾಯಲು ಮಡಿಕೆ ಬೇಕು, ಆದ್ದರಿಂದ ಅಲ್ಲಿ ನಾವು 16ರ ಲೆಕ್ಕವನ್ನೇ ಉಳಿಸಿಕೊಂಡಿದ್ದೇವೆ. ಕೊನೆಯ ಕರಡು ಕಳುಹಿಸುವಾಗಲೇ ಎಷ್ಟು ಪುಟ ಹೆಚ್ಚು, ಎಷ್ಟು ಕಡಿಮೆ ಎಂದು ತಿಳಿಸುತ್ತೇವೆ. ಮುನ್ನುಡಿ ಹಿಗ್ಗಿಸುವುದೋ ಕುಗ್ಗಿಸುವುದೋ ನಿಮಗೆ ಬಿಟ್ಟದ್ದು.

ಈಗಾಗಲೇ ಮುಂಗಡ ಕೊಟ್ಟಿರುವವರಿಗೆ ಎರಡೂ ಲೆಕ್ಕ ಹಾಕಿ, ಕಡಿಮೆ ಬಂದದ್ದನ್ನೇ ಬಿಲ್ಲು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸದ,
ಕಾರ್ಯದರ್ಶಿ