ಕೈ ಮರೆತೇ ಹೋದರೆ ಎಂದು ಕೇಳಿದ್ದೀಯ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದ. ಮನೆ ಸುದ್ದಿ ಎಲ್ಲಾ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಮೂರನೇ ಪುಟದಲ್ಲಿ, ಆಫೀಸಿನ ವಿಷಯ ಎಲ್ಲಾ ಮುಗಿದ ಮೇಲೆ, ಒಂದು ಸಾಲು ಇದೆ. “ಐದು ತಿಂಗಳಾದ ಮೇಲೆ ಸ್ಯಾಕ್ಸೋಫೋನ್ ತೆಗೆದೆ ದೊಡ್ಡಪ್ಪಾ, ಬೆರಳು ಅಲ್ಲೇ ನಿಂತುಬಿಟ್ಟಿತು. ಕೈ ಮರೆತೇ ಹೋದರೆ?” ಅದನ್ನು ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ.

ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗಿನಲ್ಲಿ ವಾರಕ್ಕೊಮ್ಮೆ ನಿನ್ನನ್ನು ಕೂರಿಸಿಕೊಂಡು ನುಡಿಸುವ ಆ ಇಥಿಯೋಪಿಯದ ಹಿರಿಯರ ಬಗ್ಗೆಯೂ ಬರೆದಿದ್ದೀಯ. ಒಬ್ಬರು ಟ್ಯಾಕ್ಸಿ, ಒಬ್ಬರು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. “ಅವರನ್ನು ನೋಡಿದರೆ ನನ್ನ ಮುಂದಿನ ಇಪ್ಪತ್ತು ವರ್ಷ ಕಾಣುತ್ತದೆ, ಹೆದರಿಕೆ ಆಗುತ್ತದೆ” ಎಂದಿದ್ದೀಯ. ನನಗೂ ಹೆದರಿಕೆ ಆಯಿತು. ಆದರೆ ನಿನ್ನ ಹೆದರಿಕೆಯೇ ಬೇರೆ, ನನ್ನದೇ ಬೇರೆ. ನನ್ನದು ಯಾಕೆ ಎಂದು ಮುಂದೆ ಬರೆಯುತ್ತೇನೆ. ಬರೆಯಲು ಧೈರ್ಯ ಬಂದರೆ.

ಆ ಹಿರಿಯರು ಹೈಲು ಮೆರ್ಗಿಯಾ ಅವರ ಹೆಸರು ಹೇಳಿರಬೇಕು ನಿನಗೆ. ಹೇಳದೇ ಇರಲು ಸಾಧ್ಯವಿಲ್ಲ. ನಾನು ಅವರ ಆರ್ಗನ್ ಕೇಳಿದ್ದೇನೆ. 1976 ಇರಬೇಕು, ಅಥವಾ ಅದರ ಮರುವರ್ಷ. ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾದ ಹಿಲ್ಟನ್ ಹೋಟೆಲಿನಲ್ಲಿ ಅವರ ವಾಲಿಯಾಸ್ ಬ್ಯಾಂಡ್ ನುಡಿಸುತ್ತಿದ್ದ ಕಾಲ. ನಾನು ಆಗ ಅಲ್ಲಿ ಮೇಷ್ಟ್ರಾಗಿದ್ದೆ. ಸಣ್ಣ ಸಂಬಳದ ಗಣಿತದ ಮೇಷ್ಟ್ರು ಹಿಲ್ಟನ್‌ಗೆ ಹೋಗುವುದುಂಟೇ! ನನ್ನ ಜೊತೆ ಭೂಗೋಳ ಕಲಿಸುತ್ತಿದ್ದ ಗೆಳೆಯನ ಅಣ್ಣ ಅಲ್ಲಿ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟ. ಚಕ್ರವರ್ತಿಯನ್ನು 1974ರಲ್ಲಿ ಇಳಿಸಿ ಸೈನ್ಯದವರು ಬಂದಿದ್ದರು, ರಾತ್ರಿ ಕರ್ಫ್ಯೂ. ಒಳಗೆ ಹೋದವರು ಬೆಳಗಾಗುವ ತನಕ ಹೊರಗೆ ಬರುವ ಹಾಗಿಲ್ಲ. ಹಾಗಾಗಿ ಬ್ಯಾಂಡಿನವರೂ ಬೆಳಗಿನ ತನಕ ನುಡಿಸುತ್ತಿದ್ದರು. ನಾವಿಬ್ಬರೂ ಪಾತ್ರೆ ತೊಳೆಯುವ ಜಾಗದ ಪಕ್ಕ, ಸೋಡಾ ಪೆಟ್ಟಿಗೆಗಳ ಮೇಲೆ ಕೂತು ಇಡೀ ರಾತ್ರಿ ಕೇಳಿದೆವು.

ಒಂದು ಹಾಡು ಶುರುವಾದಾಗ ನಾನು ಗೆಳೆಯನ ತೋಳು ಹಿಡಿದು “ಇದು ನಮ್ಮ ಮೋಹನ ರಾಗ!” ಎಂದೆ. ಸ ರಿ ಗ ಪ ದ, ಅವೇ ಐದು ಸ್ವರ. ಅವನು ತಲೆ ಅಲ್ಲಾಡಿಸಿದ. “ಅಲ್ಲ, ಇದು ತಿಜಿತಾ” ಎಂದ. ತಿಜಿತಾ ಅಂದರೆ ಅವರ ಮಾತಿನಲ್ಲಿ ನೆನಪು. ಹೋದದ್ದನ್ನು ನೆನೆದು ಮರುಗುವುದು. ಸ್ವರದ ಕಟ್ಟಿಗೂ ಅದೇ ಹೆಸರು, ಆ ಹಾಡಿಗೂ ಅದೇ ಹೆಸರು. ಬಾತಿ, ಅಂಬಾಸೆಲ್, ಅಂಚಿಹೋಯೆ ಅಂತ ಬೇರೆ ಕಟ್ಟುಗಳೂ ಇವೆ, ನಿನಗೆ ಈಗ ನನಗಿಂತ ಚೆನ್ನಾಗಿ ಗೊತ್ತು. ಸ್ವರ ಒಂದೇ ಆದರೂ ನಡೆ ಬೇರೆ. ನಮ್ಮ ಹಾಗೆ ಎಳೆದು ಗಮಕ ಹಾಕುವುದಿಲ್ಲ. ಭುಜ ಕುಣಿಸುವ ಆ ಲಯದ ಮೇಲೆ ಸ್ವರ ತೂಗುತ್ತಾ ಹೋಗುತ್ತದೆ. ನನಗೆ ಆ ದೇಶದಲ್ಲಿ ಮೊದಲ ಸಲ ಮನೆಯಲ್ಲಿದ್ದೇನೆ ಅನ್ನಿಸಿದ್ದು ಆ ರಾತ್ರಿ.

ಅಕ್ಷರವೂ ಹಾಗೇ. ಅವರ ಅಕ್ಷರಮಾಲೆಗೆ ಫಿದೆಲ್ ಅನ್ನುತ್ತಾರೆ. ಒಂದೊಂದು ವ್ಯಂಜನಕ್ಕೂ ಏಳು ರೂಪ, ನಮ್ಮ ಕಾಗುಣಿತದ ಹಾಗೆ. ಗೆಳೆಯ ನನಗೆ ಫಿದೆಲ್ ಕಲಿಸಿದ, ನಾನು ಅವನಿಗೆ ಕ ಕಾ ಕಿ ಕೀ ಬರೆಸಿದೆ. ವಾಷಿಂಗ್ಟನ್ನಿನಲ್ಲಿ ಫೀದೆಲ್ ಬ್ಯಾಂಡ್ ಅಂತ ಒಂದಿದೆ ಎಂದು ತಿಳಿದಾಗ ಆ ಹೆಸರೇ ಸಾಕಾಯಿತು ನನಗೆ, ಕಣ್ಣು ತುಂಬಿತು.

ಮತ್ತೆ ನಿನ್ನ ಮಾತಿಗೆ ಬರುತ್ತೇನೆ. ಕೈ ಮರೆತೇ ಹೋದರೆ?

ವಾಲಿಯಾಸ್‌ನವರು 1981ರಲ್ಲಿ ಅಮೆರಿಕಕ್ಕೆ ಹೋದರು. ಪ್ರವಾಸ ಮುಗಿದ ಮೇಲೆ ನಾಲ್ಕು ಜನ ಅಲ್ಲೇ ಉಳಿದರು. ಹೈಲು ಮೆರ್ಗಿಯಾ, ಸ್ಯಾಕ್ಸೋಫೋನಿನ ಮೋಗೆಸ್ ಹಬ್ತೆ, ಬೇಸ್ ಗಿಟಾರಿನ ಮೆಲಾಕೆ ಗೆಬ್ರೆ, ಪಿಯಾನೋದ ಗಿರ್ಮಾ ಬೆಯೆನೆ. ಊರಿಗೆ ಹೋದರೆ ಕರ್ಫ್ಯೂ, ಭಯ. ಉಳಿದರೆ ಇವರು ಯಾರು ಎಂದೇ ಗೊತ್ತಿಲ್ಲದ ಜನ. ಜೂಲಾ ಬ್ಯಾಂಡ್ ಅಂತ ಕಟ್ಟಿ ತಮ್ಮೂರ ಜನಕ್ಕೆ ಸ್ವಲ್ಪ ಕಾಲ ನುಡಿಸಿದರು. 1985ರಲ್ಲಿ ಹೈಲು ಒಬ್ಬರೇ ಕೂತು, ಅಕಾರ್ಡಿಯನ್ ಮತ್ತು ಕೀಬೋರ್ಡುಗಳನ್ನೆಲ್ಲಾ ತಾವೇ ನುಡಿಸಿ ಒಂದು ಕ್ಯಾಸೆಟ್ ಮಾಡಿದರು. ಆಮೇಲೆ ವೇದಿಕೆ ನಿಂತಿತು. ಟ್ಯಾಕ್ಸಿ ಶುರುವಾಯಿತು.

ಇಲ್ಲಿಂದ ಮುಂದಿನದನ್ನು ನಿಧಾನ ಓದು. ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗಳ ಸಾಲು ಇರುತ್ತದಲ್ಲ, ಅಲ್ಲಿ ಸರದಿ ಬರುವ ತನಕ ಅವರು ಡಿಕ್ಕಿಯಿಂದ ಬ್ಯಾಟರಿಯ ಕೀಬೋರ್ಡ್ ತೆಗೆದು, ಹಿಂದಿನ ಸೀಟಿನಲ್ಲಿ ಕೂತು ನುಡಿಸುತ್ತಿದ್ದರು. ಕೇಳುವವರು ಯಾರೂ ಇಲ್ಲ. ಹಾಗೇ ಸುಮಾರು 20 ವರ್ಷ. ಆಮೇಲೆ ಬ್ರಯಾನ್ ಶಿಮ್ಕೊವಿಟ್ಜ್ ಅನ್ನುವ ಅಮೆರಿಕದವರಿಗೆ ಆ ಹಳೇ ಕ್ಯಾಸೆಟ್ ಇಥಿಯೋಪಿಯದ ಬಹಿರ್ ದಾರ್ ಊರಿನಲ್ಲಿ ಸಿಕ್ಕಿತು. 2013ರಲ್ಲಿ ಅದು ಮತ್ತೆ ಹೊರಬಂತು. 2018ರಲ್ಲಿ ‘ಲಾಲಾ ಬೆಲು’ ಅಂತ ಹೊಸ ಆಲ್ಬಮ್ಮೇ ಬಂತು. ಆಗ ಅವರಿಗೆ 70 ದಾಟಿತ್ತು. ನಾನು ಅದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಅದೇ ಕೈ, ಪುಟ್ಟಿ. ಸೋಡಾ ಪೆಟ್ಟಿಗೆ ಮೇಲೆ ಕೂತು ಕೇಳಿದ ಅದೇ ಕೈ.

ಆದರೆ ಇದನ್ನು ಹೇಳಿ ನಿನಗೆ ಸುಮ್ನೆ ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಗಿರ್ಮಾ ಬೆಯೆನೆ ಅದೇ ಬ್ಯಾಂಡಿನವರು. ಅರವತ್ತು ಎಪ್ಪತ್ತರ ದಶಕದ ಎಷ್ಟೋ ಹಾಡುಗಳಿಗೆ ಸಂಗೀತ ಹೊಂದಿಸಿದವರು. ಅಮೆರಿಕದಲ್ಲಿ ಅವರು ಸಂಗೀತದಿಂದ ದೂರವೇ ಆಗಿಬಿಟ್ಟರು, ವರ್ಷಗಟ್ಟಲೆ. ಕೊನೆಗೆ ಅಡಿಸ್‌ಗೆ ಮರಳಿದ ಮೇಲೆ ಪ್ಯಾರಿಸಿನ ಅಕಾಲೆ ವೂಬೆ ಅನ್ನುವ ಹುಡುಗರ ಗುಂಪು ಅವರನ್ನು ಮತ್ತೆ ಹಾಡಿಸಿತು, 2017ರಲ್ಲಿ ಆಲ್ಬಮ್ ಬಂತು. ಚೆನ್ನಾಗಿದೆ. ಆದರೆ ನಡುವಿನ ಅಷ್ಟೂ ವರ್ಷ? ಅದನ್ನು ಯಾರು ವಾಪಸ್ ಕೊಡುತ್ತಾರೆ? ಮೋಗೆಸ್ ಹಬ್ತೆ ವಾಷಿಂಗ್ಟನ್ನಿನಲ್ಲೇ ಸ್ಯಾಕ್ಸೋಫೋನ್ ಹಿಡಿದೇ ಇದ್ದು ಫೀದೆಲ್ ಬ್ಯಾಂಡಿನಲ್ಲಿ ಕಿರಿಯರ ಜೊತೆ ನುಡಿಸಿದರು. ಒಂದೇ ಬ್ಯಾಂಡಿನ ಮೂವರಿಗೆ ಮೂರು ರೀತಿ ಆಯಿತು. ನಿನ್ನದು ಯಾವ ರೀತಿ ಆಗುತ್ತದೆ ಎಂದು ಹೇಳಲು ನಾನು ಯಾರು?

ಈಗ ನನ್ನ ಹೆದರಿಕೆ.

ನಾನು ಅಡಿಸ್‌ನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ. ಇದು ನಿಮ್ಮ ತಲೆಮಾರಿನ ಯಾರಿಗೂ ಗೊತ್ತಿಲ್ಲ. ಊರಿನ ಭಜನಾ ಮಂದಿರದಲ್ಲಿ ಕಲಿತದ್ದು. ಹಡಗಿನಲ್ಲಿ ಹೊತ್ತುಕೊಂಡು ಹೋಗಿದ್ದೆ. ಗೆಳೆಯ ಅಕಾರ್ಡಿಯನ್ ನುಡಿಸುತ್ತಿದ್ದ. ಶನಿವಾರ ಸಂಜೆ ನಾವು ತಿಜಿತಾ ಕೂರಿಸಲು ನೋಡುತ್ತಿದ್ದೆವು, ಅವನು ಅವನ ರೀತಿ, ನಾನು ಮೋಹನದ ರೀತಿ. 1978ರಲ್ಲಿ ಗುಂಡಿನ ಸದ್ದು ಜಾಸ್ತಿ ಆದಾಗ ನಾನು ಊರಿಗೆ ಹೊರಟೆ. ವಿಮಾನಕ್ಕೆ ಸಾಮಾನು ತೂಕ ಹೆಚ್ಚಾಯಿತು. ಹಾರ್ಮೋನಿಯಂ ಅವನ ಕೈಗೆ ಕೊಟ್ಟೆ. ಊರಿಗೆ ಬಂದು ಇನ್ನೊಂದು ಕೊಳ್ಳಲಿಲ್ಲ. ಮೊದಲು ತಂಗಿಯರ ಮದುವೆ, ಆಮೇಲೆ ಮನೆ ಸಾಲ, ಆಮೇಲೆ ಕಾರಣವೂ ಬೇಕಾಗಲಿಲ್ಲ.

1986ರಲ್ಲಿ ವಾಷಿಂಗ್ಟನ್ನಿನಿಂದ ಅವನ ಪತ್ರ ಬಂತು. ಸುಡಾನ್ ದಾಟಿ ಅಲ್ಲಿಗೆ ಸೇರಿದ್ದ. ರಾತ್ರಿ ಪಾರ್ಕಿಂಗ್ ಜಾಗ ಕಾಯುವ ಕೆಲಸ. ಹಳೇ ಅಕಾರ್ಡಿಯನ್ ಒಂದು ಕೊಂಡಿದ್ದೇನೆ, ಬೆರಳು ಮಾತು ಕೇಳುತ್ತಿಲ್ಲ, ಎಲ್ಲಾ ಮರೆತುಹೋಯಿತಾ ಎಂದು ಬರೆದಿದ್ದ. ನೋಡು, ನಿನ್ನದೇ ಪ್ರಶ್ನೆ. ನಾನು ಒಂದು ಏರೋಗ್ರಾಮಿನಲ್ಲಿ ಉತ್ತರ ಬರೆದೆ. “ಮೊದಲು ಹೊಟ್ಟೆಪಾಡು ನೋಡಿಕೋ. ಕಾಲ ಮೇಲೆ ನಿಂತುಕೋ. ಸಂಗೀತ ಎಲ್ಲಿಗೂ ಓಡಿಹೋಗುವುದಿಲ್ಲ.” ದೊಡ್ಡ ಬುದ್ಧಿವಂತನ ಹಾಗೆ ಬರೆದೆ. ಅವನಿಂದ ಮತ್ತೆ ಪತ್ರ ಬರಲಿಲ್ಲ. ಒಂದೂ ಬರಲಿಲ್ಲ.

ನಾನು ಯಾಕೆ ಹಾಗೆ ಬರೆದೆ ಅಂದರೆ, ನಾನೇ ಬಿಟ್ಟಿದ್ದೆನಲ್ಲ. ಅವನು ಬಿಡದೇ ಇದ್ದರೆ ನಾನು ಬಿಟ್ಟದ್ದು ತಪ್ಪು ಅಂತ ಆಗುತ್ತಿತ್ತು. ಇದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. ನಿನ್ನ ಪತ್ರ ಬಂದಾಗ ಮೊದಲು ನನ್ನ ಬಾಯಿಗೆ ಬಂದದ್ದು ಅದೇ ಹಳೇ ಮಾತು, ಮೊದಲು ಕೆಲಸ ನೋಡಿಕೋ ಅಂತ. ಅದಕ್ಕೇ ನಿದ್ದೆ ಬರಲಿಲ್ಲ.

ಕೈ ಮರೆಯುತ್ತದೆಯೇ ಅಂದರೆ, ನನ್ನದು ಮರೆತಿದೆ ಮಗಾ. ಹೋದ ತಿಂಗಳು ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಮುಂದೆ ಕೂತೆ. ಹುಡುಗರು ಒತ್ತಾಯ ಮಾಡಿದರು. ಎರಡು ಸಾಲು ಬಂತು, ಮೂರನೆಯದಕ್ಕೆ ಬೆರಳು ನಿಂತಿತು. ನಿನ್ನದು ನಿಂತ ಹಾಗೆಯೇ ಇರಬೇಕು. ಆದರೆ ನಿನಗೆ ಐದು ತಿಂಗಳು, ನನಗೆ 47 ವರ್ಷ. ಆ ಎರಡು ಸಾಲು ಹೇಗೆ ಉಳಿಯಿತು ಎಂದು ಆಮೇಲೆ ಯೋಚಿಸುತ್ತಾ ಮನೆಗೆ ಬಂದೆ.

ನಿನಗೆ ಏನು ಮಾಡು ಎಂದು ಹೇಳುವ ಹಕ್ಕು ನನಗಿಲ್ಲ. ಆದರೂ ತೋಚಿದ್ದು ಬರೆಯುತ್ತೇನೆ, ಬೇಡದ್ದು ಬಿಡು. ವಾದ್ಯವನ್ನು ಪೆಟ್ಟಿಗೆಯಲ್ಲಿ ಇಟ್ಟು ಕಪಾಟಿನ ಮೇಲೆ ಇಡಬೇಡ, ಕಣ್ಣೆದುರು ಇರಲಿ. ಅಪಾರ್ಟ್‌ಮೆಂಟಿನವರು ಬೈದರೆ ಕಾರಿನಲ್ಲಿ ಕೂತು ನುಡಿಸು. ಇದು ನನ್ನ ಬುದ್ಧಿ ಅಲ್ಲ, ಹೈಲು ಅವರದು. ಹಾಡು ಬೇಡ, ಸುಮ್ನೆ ಷಡ್ಜ ಹಿಡಿ. ಬೆರಳಿಗಿಂತ ಮೊದಲು ತುಟಿ ಸೋಲುತ್ತದೆ ಎಂದು ನಿನ್ನ ಗುರುಗಳು ಹೇಳುತ್ತಿದ್ದರಲ್ಲ? ಕೆಲಸ ಬಿಡುವ ಮಾತು ಬರೆದಿದ್ದೀಯ, ಅದು ಬೇಡ ಅನ್ನಿಸುತ್ತದೆ ನನಗೆ. ನೋಡು, ಮತ್ತೆ ಅದೇ ಹಳೇ ಮಾತು ಬಂತು. ಕ್ಷಮಿಸು.

ನೀನು ಹೊರಗಿನವಳು ಎಂದು ಅಳುಕಬೇಡ. 1924ರಲ್ಲಿ ರಾಸ್ ತಫಾರಿ, ಆಮೇಲೆ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ ಆದವರು, ಜೆರುಸಲೇಮಿನಿಂದ 40 ಅರ್ಮೇನಿಯದ ಅನಾಥ ಹುಡುಗರನ್ನು ಕರೆತಂದು ಅರಮನೆಯ ಬ್ಯಾಂಡ್ ಮಾಡಿದರು. ಸ್ಯಾಕ್ಸೋಫೋನ್ ಅಲ್ಲಿ ಬೆಳೆದದ್ದು ಅಂಗರಕ್ಷಕರ ಬ್ಯಾಂಡು, ಪೊಲೀಸರ ಬ್ಯಾಂಡುಗಳಲ್ಲಿ. ಗೆತಾಚೆವ್ ಮೆಕುರಿಯಾ ಯುದ್ಧದ ಕೂಗನ್ನೇ ಅದರಲ್ಲಿ ನುಡಿಸಿದರು. ನಮ್ಮ ಕದ್ರಿ ಗೋಪಾಲನಾಥರೂ ಅದನ್ನು ಮೊದಲು ಕೇಳಿದ್ದು ಮೈಸೂರು ಅರಮನೆ ಬ್ಯಾಂಡಿನಲ್ಲೇ ಅಲ್ವಾ? ಎರಡೂ ಕಡೆ ಅರಮನೆ ಬಾಗಿಲಿನಿಂದಲೇ ಬಂದ ವಾದ್ಯ. ನಿನ್ನ ಕೈಯಲ್ಲಿ ಈಗ ಅವೆರಡೂ ಸೇರಿವೆ. ಅದಕ್ಕೇ ನನಗೆ ಇಷ್ಟು ಸಂಕಟ.

ವಯಸ್ಸು 34 ಆಯಿತು, ತಡ ಆಯಿತು ಎಂದು ಬೇರೆ ಬರೆದಿದ್ದೀಯ. ಆ ಹಿರಿಯರ ಪಂಚಾಂಗ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ ಇದೆ. ಅವರ ಲೆಕ್ಕ ಹಿಡಿ.

ಈ ಪತ್ರದ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಗೆಳೆಯನ ಹೆಸರು ಫಿದೆಲ್‌ನಲ್ಲಿ ಬರೆದಿದ್ದೇನೆ. ಅಕ್ಷರ ಸರಿ ಇದೆಯೋ ಇಲ್ಲವೋ, ಅವನು ಕಲಿಸಿದ್ದು. ಮುಂದಿನ ಸಲ ಅಭ್ಯಾಸಕ್ಕೆ ಹೋದಾಗ ಆ ಹಿರಿಯರಿಗೆ ತೋರಿಸು. ಹೋಗದೇ ಇರಬೇಡ, ಇದಕ್ಕಾದರೂ ಹೋಗು. ಅಕಾರ್ಡಿಯನ್ ನುಡಿಸುತ್ತಿದ್ದ, ಅಡಿಸ್‌ನಲ್ಲಿ ಭೂಗೋಳ ಕಲಿಸುತ್ತಿದ್ದ ಎಂದು ಹೇಳು. ಇದ್ದಾನೆ ಅಂದರೆ ನನ್ನ ಫೋನ್ ನಂಬರ್ ಕೊಡು. ಏನು ಮಾತಾಡಬೇಕು ಎಂದು ನನಗೆ ಇನ್ನೂ ಗೊತ್ತಿಲ್ಲ. ಹಾರ್ಮೋನಿಯಂ ಏನಾಯಿತು ಎಂದು ಕೇಳಿ ಶುರು ಮಾಡುತ್ತೇನೆ.

ನಿನ್ನ
ದೊಡ್ಡಪ್ಪ