ಹಣ ಕಟ್ಟುವ ಮೊದಲು ಮಣ್ಣಿನಲ್ಲಿ ಓಡಿಸಿ ನೋಡಲು ಬಿಡಿ: ಸಣ್ಣ ಟ್ರ್ಯಾಕ್ಟರ್ ಕುರಿತು ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ,

ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನು ಮಾಡಿಕೊಂಡಿರುವ ರೈತ ಮಹಿಳೆಯೊಬ್ಬಳ ನಮಸ್ಕಾರಗಳು.

ಸಹಾಯಧನ ಹೆಚ್ಚಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ತೋಟದ ಕೆಲಸಕ್ಕೆ ಸಣ್ಣ ಟ್ರ್ಯಾಕ್ಟರ್ ಕೊಳ್ಳಬೇಕೆಂದಿರುವ ನನ್ನಂಥವರು ಹಣ ಕಟ್ಟುವ ಮೊದಲು ಆ ಯಂತ್ರವನ್ನು ಮಣ್ಣಿಗಿಳಿಸಿ ಓಡಿಸಿ ನೋಡಲು ಒಂದು ವ್ಯವಸ್ಥೆ ಮಾಡಿಕೊಡಿ ಎಂಬುದಷ್ಟೇ ನನ್ನ ಬೇಡಿಕೆ. ಅದು ಏಕೆ ಬೇಕು, ನಿಮ್ಮ ಇಲಾಖೆಯ ಕೈಯಲ್ಲಿ ಈಗಾಗಲೇ ಇರುವುದರಿಂದಲೇ ಹೇಗೆ ಆಗಬಹುದು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಹೆಸರಘಟ್ಟ, ರಾಜಾನುಕುಂಟೆ, ದೇವನಹಳ್ಳಿ, ಹೊಸಕೋಟೆ, ಆನೇಕಲ್ ಕಡೆಗಳಲ್ಲಿ ಜಮೀನು ಹೇಗೆ ಚೂರಾಗಿದೆ ಎಂಬುದು ತಮಗೆ ತಿಳಿದೇ ಇದೆ. ಅಣ್ಣತಮ್ಮಂದಿರ ಪಾಲು ಮುಗಿಯುವ ಹೊತ್ತಿಗೆ ಪಹಣಿಯಲ್ಲಿ ಎಕರೆಗಳ ಜಾಗಕ್ಕೆ ಗುಂಟೆಗಳು ಬಂದಿರುತ್ತವೆ. ಇದರ ಜೊತೆಗೆ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ನಗರದಲ್ಲಿ ಕೆಲಸ ಮಾಡುತ್ತಾ ಒಂದೆರಡು ಎಕರೆಯಲ್ಲಿ ಮಾವು, ಬೆಣ್ಣೆಹಣ್ಣು ಬೆಳೆಸುವ ಕುಟುಂಬಗಳು ನಮ್ಮ ನೆರೆಹೊರೆಗೆ ಬಂದಿವೆ. ಅವರಲ್ಲಿ ಅನೇಕರು ಶ್ರದ್ಧೆಯಿಂದ ದುಡಿಯುತ್ತಾರೆ. ಹಳಬರಿರಲಿ ಹೊಸಬರಿರಲಿ, ಎಲ್ಲರ ಕೆಲಸವೂ ಹೆಚ್ಚುಕಡಿಮೆ ಒಂದೇ: ಮರಗಳ ಸಾಲಿನ ನಡುವೆ ಕಳೆ ತೆಗೆಯಬೇಕು, ತಿಪ್ಪೆಯ ಗೊಬ್ಬರ ಸಾಗಿಸಬೇಕು, ಬೇಲಿಗೆ ನುಗ್ಗಿದ ಲಂಟಾನ ಕಡಿಯಬೇಕು, ಸಸಿಗೆ ಗುಂಡಿ ತೋಡಬೇಕು, ಮಳೆಗೆ ಕೊರೆದುಹೋದ ತೋಟದ ದಾರಿಯನ್ನು ಮಟ್ಟ ಮಾಡಬೇಕು.

ಈ ಕೆಲಸಗಳಿಗೆ ಬಾಡಿಗೆಗೆ ಬರುವುದು 45 ಎಚ್‌ಪಿ ಆಸುಪಾಸಿನ ದೊಡ್ಡ ಟ್ರ್ಯಾಕ್ಟರ್. ಸುಮಾರು ಎರಡು ಟನ್ ತೂಕದ ಯಂತ್ರ. ರಾಗಿ ಹೊಲಕ್ಕೆ ಅದು ಸರಿ. ತೋಟಕ್ಕೆ ಬಂದರೆ ಮಾವಿನ ಕೆಳಗೊಂಬೆ ಮುರಿಯುತ್ತದೆ, ಹನಿ ನೀರಾವರಿಯ ಕೊಳವೆ ತುಳಿಯುತ್ತದೆ, ತಿರುಗಲು ಜಾಗ ಸಾಲದೆ ಸಾಲಿನ ಎರಡೂ ತುದಿಯನ್ನು ಉಳದೆ ಬಿಡುತ್ತದೆ. ಅರ್ಧ ಎಕರೆಗಾಗಿ ಬರಲು ಚಾಲಕರಿಗೂ ಮನಸ್ಸಿರುವುದಿಲ್ಲ. ನಮ್ಮ ಕೆಂಪು ಮಣ್ಣು ಮಳೆ ನಿಂತ ಮೇಲೆ ಕೆಲವೇ ದಿನ ಹದದಲ್ಲಿರುತ್ತದೆ, ಆಮೇಲೆ ಬಿಗಿದುಕೊಳ್ಳುತ್ತದೆ. ಆ ದಿನಗಳಲ್ಲಿ ದೊಡ್ಡ ಹೊಲದವರ ಸರದಿ ಮುಗಿದು ನಮ್ಮ ಸರದಿ ಬರುವಷ್ಟರಲ್ಲಿ ಹದ ತಪ್ಪಿರುತ್ತದೆ. ಆದ್ದರಿಂದಲೇ ಇಷ್ಟು ಜನ ಸ್ವಂತಕ್ಕೆ ಸಣ್ಣ ಟ್ರ್ಯಾಕ್ಟರ್ ಹುಡುಕುತ್ತಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೆ ಆ ಹುಡುಕಾಟ ಇನ್ನೂ ಜೋರಾಗಿದೆ.

ಹುಡುಕುವವರಿಗೆ ಮಳಿಗೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ಬಹುಪಾಲು ಕೊನೆಯ ಪ್ರಶ್ನೆಯೂ, ಎಷ್ಟು ಎಚ್‌ಪಿ ಬೇಕು ಎಂಬುದು. ತೋಟದ ಮಟ್ಟಿಗೆ ಆ ಒಂದು ಅಂಕಿಯಿಂದ ತಿಳಿಯುವುದು ಬಹಳ ಕಡಿಮೆ. ಕರಪತ್ರದಲ್ಲಿ ಅಚ್ಚಾಗುವ ಎಚ್‌ಪಿ ಎಂಜಿನ್ನಿನದು. ಮಣ್ಣನ್ನು ಕೊಚ್ಚಿ ಪುಡಿ ಮಾಡುವ ರೋಟಾವೇಟರನ್ನಾಗಲಿ ಔಷಧಿ ಸಿಂಪಡಿಸುವ ಯಂತ್ರವನ್ನಾಗಲಿ ತಿರುಗಿಸುವುದು ಹಿಂದಿನ ಪಿಟಿಒ ದಂಡ, ಅಂದರೆ ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಮುಟ್ಟಿಸುವ ತಿರುಗುವ ದಂಡ. ಅಲ್ಲಿಗೆ ತಲುಪುವ ಶಕ್ತಿ ಹತ್ತರಲ್ಲಿ ಒಂದೆರಡು ಪಾಲು ಕಡಿಮೆಯೇ. 15 ಎಚ್‌ಪಿಯ ಒಂಟಿ ಸಿಲಿಂಡರ್ ಯಂತ್ರಕ್ಕೆ ನಾಲ್ಕು ಅಡಿಯ ರೋಟಾವೇಟರ್ ಕಟ್ಟಿ ಬಿಗಿದ ಕೆಂಪು ಮಣ್ಣಿಗೆ ಇಳಿಸಿದರೆ ಎಂಜಿನ್ ಉಸಿರುಗಟ್ಟುತ್ತದೆ. ಅದಕ್ಕೆ ಮೂರು ಅಡಿಯೊಳಗಿನದೇ ಸರಿ. ನಾಲ್ಕು ಅಡಿಯದು ಬೇಕೆಂದರೆ 24 ಎಚ್‌ಪಿ ಸುತ್ತಮುತ್ತಲಿನ ಮೂರು ಸಿಲಿಂಡರಿನ ಯಂತ್ರ ನೋಡಬೇಕು. ಟ್ರ್ಯಾಕ್ಟರಿನ ಬೆಲೆಯನ್ನಷ್ಟೇ ಲೆಕ್ಕ ಹಾಕಿ ಹೋದವರಿಗೆ, ಅದಕ್ಕೆ ಕಟ್ಟುವ ಉಪಕರಣ ಯಾವುದು ಎಂಬ ವಿಚಾರ ಹಣ ಕಟ್ಟಿದ ಮೇಲೆಯೇ ತಲೆಗೆ ಬರುತ್ತದೆ. ನನ್ನ ಮಟ್ಟಿಗೆ ಮೊದಲು ಉಪಕರಣ ನಿರ್ಧಾರವಾಗಬೇಕು, ಟ್ರ್ಯಾಕ್ಟರ್ ಆಮೇಲೆ.

ಆಮೇಲೆ ಅಗಲ. ಅಡಿಕೆಯ ಸಾಲುಗಳ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ ಇರುತ್ತದೆ, ತೆಂಗಿನ ನಡುವೆ ಇಪ್ಪತ್ತೈದು ಅಡಿಗೂ ಹೆಚ್ಚು. ಒಂದು ಮೀಟರ್ ಅಗಲದ ಯಂತ್ರ ಎರಡರಲ್ಲೂ ನಿರಾಳವಾಗಿ ಓಡಾಡುತ್ತದೆ. ಆದರೆ ತರಕಾರಿ ಸಾಲಿನ ನಡುವೆ ಹೋಗಬೇಕಾದರೆ ಚಕ್ರಗಳ ನಡುವಣ ಅಂತರವನ್ನು ಬದಲಿಸಲು ಬರುತ್ತದೆಯೇ, ರಿಮ್ ಮಗುಚಿ ಹಾಕಿದರೆ ಎಷ್ಟು ಇಂಚು ಸಿಗುತ್ತದೆ ಎಂಬುದನ್ನು ನೋಡಲೇಬೇಕು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಮಾದರಿಗೆ ಬೆಲೆ ಹೆಚ್ಚು. ಇಳಿಜಾರಿರುವ, ಮಳೆಯಲ್ಲಿ ಜಾರುವ ಜಮೀನಿದ್ದವರು ಆ ಹೆಚ್ಚಿನ ಹಣ ಕೊಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಸಣ್ಣ ಯಂತ್ರಗಳ ತೂಕ ಸುಮಾರು 600 ಕೆಜಿಯಿಂದ 1,000 ಕೆಜಿ. ಮಣ್ಣು ಗಟ್ಟಿಯಾಗದಿರಲು ಈ ಹಗುರತನ ವರ. ಅದೇ ಹಗುರತನದಿಂದ ಎರಡು ಚಕ್ರದ ಎಳೆತದ ಯಂತ್ರ ಒದ್ದೆ ನೆಲದಲ್ಲಿ ಚಕ್ರ ಸುತ್ತಿಸುತ್ತಾ ನಿಂತುಬಿಡುತ್ತದೆ. ಸಮತಟ್ಟಾದ, ಒಣ ತೋಟವಿದ್ದವರಿಗೆ ಅದು ಸಾಕಾಗಲೂಬಹುದು. ಯಾವುದು ಯಾರಿಗೆ ಎಂದು ಅವರವರ ನೆಲದ ಮೇಲೆ ಓಡಿಸದೆ ಹೇಳುವುದು ಹೇಗೆ?

ದ್ರಾಕ್ಷಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿರುವುದು ನಮಗೆಲ್ಲ ಹೆಮ್ಮೆ. ಆ ಬಳ್ಳಿಯನ್ನು ಚಪ್ಪರದ ಮೇಲೆ ಹಬ್ಬಿಸುತ್ತೇವೆ, ತಂತಿ ಆಳೆತ್ತರಕ್ಕಿಂತ ತುಸು ಮೇಲಿರುತ್ತದೆ. ಹೊಗೆ ಕೊಳವೆ ಮೇಲಕ್ಕೆ ನಿಂತ ಟ್ರ್ಯಾಕ್ಟರ್ ಅದರ ಕೆಳಗೆ ಹೋದರೆ ಚಿಗುರು ಸುಡುತ್ತದೆ, ಗೊಂಚಲು ಕಪ್ಪಾಗುತ್ತದೆ. ಕೊಳವೆ ಕೆಳಗಿರುವ ಮಾದರಿಯೇ ಬೇಕು. ಇನ್ನು ಯಂತ್ರ ಮಗುಚಿದರೆ ಚಾಲಕನ ಜೀವ ಉಳಿಸುವ ಕಬ್ಬಿಣದ ಚೌಕಟ್ಟು. ಅದು ಎತ್ತರವಾಗಿ ನೆಟ್ಟಗೆ ನಿಂತಿದ್ದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಬಿಚ್ಚಿ ಮನೆಯಲ್ಲಿಟ್ಟರೆ ಬದುವಿನ ಮೇಲೆ ಹತ್ತಿಸುವಾಗ ರಕ್ಷಣೆಯೇ ಇಲ್ಲ. ಮಡಚುವ ಚೌಕಟ್ಟು ಇದಕ್ಕೆ ಪರಿಹಾರ. ಚಪ್ಪರದ ಕೆಳಗೆ ಮಾತ್ರ ಮಡಚಿ, ಹೊರಗೆ ಬಂದ ಕೂಡಲೇ ಎತ್ತಿ ನಿಲ್ಲಿಸಿ ಸೀಟ್ ಬೆಲ್ಟ್ ಹಾಕಿಕೊಳ್ಳಬೇಕು. ಇಂಥ ಚೌಕಟ್ಟು ಇದೆಯೇ ಎಂದು ನಾನು ಕೇಳಿದ ಮಳಿಗೆಯೊಂದರಲ್ಲಿ, ಅದೆಲ್ಲ ಯಾರೂ ಕೇಳುವುದಿಲ್ಲ ಎಂಬ ಉತ್ತರ ಬಂತು. ಓಡಿಸಿ ನೋಡುತ್ತೇನೆ ಎಂದಾಗ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಒಂದು ಸುತ್ತು ಹಾಕಲು ಬಿಟ್ಟರು. ಕಾಂಕ್ರೀಟಿನ ಮೇಲೆ ಎಲ್ಲ ಟ್ರ್ಯಾಕ್ಟರುಗಳೂ ಚೆನ್ನಾಗಿಯೇ ಓಡುತ್ತವೆ.

ಹೆಂಗಸರ ದೃಷ್ಟಿಯಿಂದ ಈ ಯಂತ್ರಗಳನ್ನು ಯಾರಾದರೂ ನೋಡಿದ್ದಾರೆಯೇ, ಮಾನ್ಯರೇ? ಕ್ಲಚ್ ತುಳಿಯಲು ನನ್ನ ಕಾಲು ಪೂರ್ತಿ ಎಟುಕಬೇಕು. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಲು ಬರಬೇಕು. ರೋಟಾವೇಟರ್ ಬಿಚ್ಚಿ ಟ್ರೈಲರ್ ಕಟ್ಟುವ ಕೆಲಸವನ್ನು ನಾನೊಬ್ಬಳೇ ಮಾಡುವಂತಿರಬೇಕು, ಪ್ರತಿ ಸಲವೂ ಪಕ್ಕದ ತೋಟದಿಂದ ಗಂಡಸರನ್ನು ಕೂಗಿ ಕರೆಯುವುದಾದರೆ ಸ್ವಂತ ಯಂತ್ರದಿಂದ ಬಂದ ಭಾಗ್ಯವೇನು? ಎಲ್ಲಕ್ಕಿಂತ ಮುಖ್ಯವಾದದ್ದು ಪಿಟಿಒ ದಂಡದ ಕವಚ. ಆ ದಂಡ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸೀರೆಯ ಸೆರಗೋ ದುಪಟ್ಟಾವೋ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಮನುಷ್ಯನಿಗೆ ಸಮಯವೇ ಇರುವುದಿಲ್ಲ. ಕೆಲವು ನೂರು ರೂಪಾಯಿಗಳ ಪ್ಲಾಸ್ಟಿಕ್ ಕವಚ ಮುರಿದುಹೋಗಿ ವರ್ಷಗಳಾದರೂ ಹಾಗೇ ಓಡುತ್ತಿರುವ ದಂಡಗಳನ್ನು ನಾನು ಕಾಣುತ್ತಲೇ ಇದ್ದೇನೆ. ಸರ್ಕಾರದ ಸಹಾಯಧನ ಪಡೆದ ಯಾವ ಟ್ರ್ಯಾಕ್ಟರೂ ಪಿಟಿಒ ಕವಚ ಮತ್ತು ಸುರಕ್ಷತಾ ಚೌಕಟ್ಟಿಲ್ಲದೆ ಮಳಿಗೆಯಿಂದ ಹೊರಬರಬಾರದು ಎಂಬ ಒಂದು ಸಾಲನ್ನು ಮಾರ್ಗಸೂಚಿಗೆ ಸೇರಿಸಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಕೋರುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ.

ಮಾಹಿತಿಯ ಕೊರತೆ ಇದೆಯೆಂದಲ್ಲ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ದಶಕಗಳಿಂದ ಟ್ರ್ಯಾಕ್ಟರುಗಳ ಪರೀಕ್ಷೆ ನಡೆಸುತ್ತಿದೆ. ಪಿಟಿಒ ಶಕ್ತಿ, ಎಳೆಯುವ ಬಲ, ಡೀಸೆಲ್ ಖರ್ಚು, ತಿರುಗಲು ಬೇಕಾದ ಜಾಗ, ಹೈಡ್ರಾಲಿಕ್ ಎತ್ತುವ ಭಾರ, ಬ್ರೇಕು ಎಲ್ಲವನ್ನೂ ಅಳೆದು ವರದಿ ಕೊಡುತ್ತದೆ. ಆ ವರದಿಗಳು ಎಂಜಿನಿಯರುಗಳ ಭಾಷೆಯಲ್ಲಿವೆ, ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇಲ್ಲ. ಸಹಾಯಧನಕ್ಕೆ ಅನುಮೋದಿಸಿದ ಪಟ್ಟಿಯಲ್ಲಿರುವ ಪ್ರತಿ ಸಣ್ಣ ಟ್ರ್ಯಾಕ್ಟರಿಗೂ ಒಂದು ಪುಟದ ಕನ್ನಡ ಸಾರಾಂಶ ಮಾಡಿಸಿ ಹಾಕಿಸಿದರೆ, ಮಹೀಂದ್ರ, ಸ್ವರಾಜ್, ಕುಬೋಟಾ, ಕ್ಯಾಪ್ಟನ್, ನಮ್ಮ ಬೆಂಗಳೂರಿನದೇ ಆದ ವಿಎಸ್‌ಟಿ ಇವುಗಳ ಮಾದರಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಇದಕ್ಕೆ ಹೆಚ್ಚಿನ ಖರ್ಚೇನೂ ಆಗುವುದಿಲ್ಲ.

ಇನ್ನು ಓಡಿಸಿ ನೋಡುವ ವ್ಯವಸ್ಥೆ. ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿವೆ. ಯೋಜನೆ ಒಳ್ಳೆಯದು, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ನಾನು ವಿಚಾರಿಸಿದ ಬಾಡಿಗೆ ಕೇಂದ್ರದಲ್ಲಿ ಇದ್ದವು ದೊಡ್ಡ ಟ್ರ್ಯಾಕ್ಟರುಗಳೇ. ಬೆಂಗಳೂರಿನ ಸುತ್ತಲಿನ ಹೋಬಳಿಗಳಲ್ಲಾದರೂ ಪ್ರತಿ ಕೇಂದ್ರದಲ್ಲಿ ಎರಡು ಸಣ್ಣ ಟ್ರ್ಯಾಕ್ಟರ್ ಇರಲಿ: 15ರಿಂದ 18 ಎಚ್‌ಪಿಯದು ಒಂದು, 24ರಿಂದ 28 ಎಚ್‌ಪಿಯ ನಾಲ್ಕು ಚಕ್ರದ ಎಳೆತದ್ದು ಇನ್ನೊಂದು. ಜೊತೆಗೆ ಅದಕ್ಕೆ ತಕ್ಕ ರೋಟಾವೇಟರ್, ಐದು ಹಲ್ಲಿನ ಕಲ್ಟಿವೇಟರ್, ಗುಂಡಿ ತೋಡುವ ಯಂತ್ರ, ಸಣ್ಣ ಟ್ರೈಲರ್. ಕೊಳ್ಳಬೇಕೆಂದಿರುವವರು ತಮ್ಮ ತೋಟದಲ್ಲೇ ಒಂದು ದಿನ ಬಾಡಿಗೆಗೆ ಪಡೆದು ನೋಡಲಿ. ನೋಡಿದ ಮೇಲೆ ಕೊಳ್ಳುವುದೇ ಬೇಡ, ಬಾಡಿಗೆಯೇ ಸಾಕು ಎಂದು ಅನೇಕರಿಗೆ ಅನ್ನಿಸುತ್ತದೆ ಎಂಬುದು ನನ್ನ ನಂಬಿಕೆ. ಒಂದು ಎಕರೆಗಿಂತ ಕಡಿಮೆ ಇರುವವರಿಗೆ ಪವರ್ ಟಿಲ್ಲರ್ ಅಥವಾ ಕೈಯಲ್ಲಿ ನಡೆಸುವ ಕಳೆ ಯಂತ್ರ ಸಾಕು. ಹಿಂದೆ ನಡೆಯುತ್ತಾ ಪವರ್ ಟಿಲ್ಲರ್ ಹಿಡಿಯುವುದು ಮೈಗೆ ಬಲು ಕಷ್ಟ ಎಂಬುದೂ ನಿಜವೇ. ವರ್ಷದಲ್ಲಿ ಬೆರಳೆಣಿಕೆಯ ದಿನಗಳ ಕೆಲಸಕ್ಕೆ ಲಕ್ಷಗಟ್ಟಲೆ ಸಾಲ ತಲೆಯ ಮೇಲೆ ಕೂರುವುದು ಅದಕ್ಕಿಂತ ದೊಡ್ಡ ಕಷ್ಟ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ, ವಿಶಾಲವಾದ ಜಾಗವಿದೆ, ನಮ್ಮದೇ ಕೆಂಪು ಮಣ್ಣಿದೆ. ನವೆಂಬರ್ ಸುಮಾರಿನ ಕೃಷಿ ಮೇಳಕ್ಕೆ ಜನಸಾಗರ ಬರುತ್ತದೆ. ಆ ನೂಕುನುಗ್ಗಲಿನಲ್ಲಿ ನಿಂತ ಯಂತ್ರವನ್ನು ಸುತ್ತಿ ನೋಡಬಹುದು, ಬೆಲೆ ಕೇಳಬಹುದು, ಕರಪತ್ರ ತರಬಹುದು. ಕ್ಲಚ್ ತುಳಿದು ಸಾಲಿನ ತುದಿಯಲ್ಲಿ ತಿರುಗಿಸಿ ನೋಡಲಾಗುವುದಿಲ್ಲ. ಅಲ್ಲೇ ಒಂದು ಎಕರೆಯನ್ನು ಪ್ರಯೋಗದ ತಾಕಾಗಿ ಬಿಟ್ಟುಕೊಟ್ಟು, ಅದರಲ್ಲಿ ಅಡಿಕೆಯ ಅಂತರದ ಕಂಬಗಳು, ಒಂದು ಚಪ್ಪರ, ಒಂದು ಇಳಿಜಾರು, ಒಂದು ಒದ್ದೆ ಮೂಲೆ ಮಾಡಿ, ತಿಂಗಳಿಗೊಂದು ಶನಿವಾರ ಬೇರೆ ಬೇರೆ ತಯಾರಕರ ಯಂತ್ರಗಳನ್ನು ಓಡಿಸಲು ಬಿಡಬಹುದು. ಪಕ್ಕದಲ್ಲಿ ಕಾಲೇಜಿನವರು ನಿಂತಿರಲಿ, ಮಾರಾಟಗಾರರು ಸ್ವಲ್ಪ ದೂರ ನಿಲ್ಲಲಿ. ಡೀಸೆಲ್ ಎಷ್ಟು ಹೋಯಿತು ಎಂಬುದನ್ನು ನಮ್ಮೆದುರೇ ಅಳೆಯಲಿ. ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿಗೆ ಎಷ್ಟು ದಿನದೊಳಗೆ ಜನ ಬರುತ್ತಾರೆ ಎಂಬುದನ್ನು ತಯಾರಕರು ಅಲ್ಲಿಯೇ ಬರೆದುಕೊಡಲಿ.

ಓಡಿಸಿ ನೋಡಿದ ಚೀಟಿ ಇದ್ದರೆ ಮಾತ್ರ ಸಹಾಯಧನ ಎಂಬ ಹೊಸ ಷರತ್ತನ್ನು ದಯವಿಟ್ಟು ಹಾಕಬೇಡಿ. ರೈತರ ನೋಂದಣಿಯ ಫ್ರೂಟ್ಸ್ ಸಂಖ್ಯೆ, ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ ಹಿಡಿದು ಓಡಾಡುವುದೇ ಸಾಕಷ್ಟಿದೆ. ಬಾಗಿಲು ತೆರೆದಿಡಿ, ಬರುವವರು ಬರುತ್ತಾರೆ. ಸಹಾಯಧನದ ವಿಷಯದಲ್ಲಿ ಇನ್ನೊಂದು ಬದಲಾವಣೆ ಮಾತ್ರ ಕೇಳುತ್ತೇನೆ: ಟ್ರ್ಯಾಕ್ಟರಿಗೂ ಅದರ ಉಪಕರಣಕ್ಕೂ ಒಂದೇ ಅರ್ಜಿಯಲ್ಲಿ, ಒಂದೇ ವರ್ಷದಲ್ಲಿ ಮಂಜೂರಾತಿ ಸಿಗುವಂತೆ ಮಾಡಿ. ಟ್ರ್ಯಾಕ್ಟರ್ ಬಂದು ರೋಟಾವೇಟರಿಗಾಗಿ ಮುಂದಿನ ವರ್ಷದವರೆಗೆ ಕಾಯುವ ರೈತನಿಗೆ ಆ ವರ್ಷ ಸಿಗುವುದು ಸಾಲದ ಕಂತು ಮಾತ್ರ.

ಜಿಕೆವಿಕೆಯ ತಾಕು ಸಿದ್ಧವಾಗಲು ಸಮಯ ಹಿಡಿಯುತ್ತದೆ ಎಂದಾದರೆ, ಅಲ್ಲಿಯವರೆಗೆ ನನ್ನ ಜಮೀನನ್ನೇ ಬಳಸಿಕೊಳ್ಳಿ. ಅರ್ಧ ಎಕರೆ ದ್ರಾಕ್ಷಿ ಚಪ್ಪರವಿದೆ, ಮಾವಿನ ಸಾಲಿದೆ, ಕೆರೆಯ ಕಡೆಗೆ ಇಳಿಜಾರಿದೆ. ಮುಂಗಾರಿನ ಮೊದಲ ಹದ ಮಳೆಯ ಹೊತ್ತಿಗೆ ನಿಮ್ಮ ಅಧಿಕಾರಿಗಳು ಯಂತ್ರಗಳನ್ನು ತಂದರೆ ಸುತ್ತಲಿನ ಊರುಗಳ ರೈತರನ್ನು, ಅದರಲ್ಲೂ ಹೆಂಗಸರನ್ನು, ಸೇರಿಸುವ ಹೊಣೆ ನನ್ನದು. ಊಟದ ವ್ಯವಸ್ಥೆಯನ್ನೂ ನಾವೇ ಮಾಡುತ್ತೇವೆ. ತಮ್ಮ ಉತ್ತರ ಬಂದರೆ, ಆ ದಿನಕ್ಕಾಗಿ ಚಪ್ಪರದ ಕೆಳಗಿನ ಸಾಲುಗಳನ್ನು ಉಳದೆ ಹಾಗೇ ಬಿಟ್ಟಿರುತ್ತೇನೆ.

ಇತಿ,
ಬೆಂಗಳೂರು ಉತ್ತರ ತಾಲ್ಲೂಕಿನ ಒಬ್ಬ ರೈತ ಮಹಿಳೆ