ಡಿಸ್‌ಪ್ಲೇ ಬರಲಿಲ್ಲ ಅಂತ ಹಳೆ ಕಂಪ್ಯೂಟರನ್ನು ಕೈಬಿಡಬೇಕಾಗಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರ ಪ್ರಶ್ನೆಗೆ ಬಂದ ಉತ್ತರ ಓದಿ ಬೇಸರವಾಯಿತು. ಅವರದು ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದಾರೆ, ಫ್ಯಾನ್‌ಗಳೆಲ್ಲ ತಿರುಗುತ್ತಿವೆ, ಆದರೆ ಡಿಸ್‌ಪ್ಲೇ ಬರುತ್ತಿಲ್ಲ. ಕಂಪ್ಯೂಟರ್ ತುಂಬಾ ಹಳೆಯದು, ಹೊಸದು ಕೊಳ್ಳಿ ಅಂತ ಒಂದೇ ಸಾಲಿನಲ್ಲಿ ಉತ್ತರ ಮುಗಿದಿದೆ. ಹಳೆಯದು ಅನ್ನುವುದು ಕಾರಣ ಹೇಗಾಗುತ್ತದೆ? ಹೊಸ ಕಾರ್ಡ್ ಕೇಳುವ ಯಾವುದೋ ಒಂದನ್ನು ಹಳೆ ಯಂತ್ರದ ಯಾವುದೋ ಒಂದು ಭಾಗ ಕೊಡುತ್ತಿಲ್ಲ. ಅದು ಯಾವ ಭಾಗ ಅಂತ ಮೊದಲು ಹುಡುಕಬೇಕು, ಅಲ್ವಾ? ಮದರ್‌ಬೋರ್ಡ್ ಯಾವುದು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ) ಮೇಲಿನ ಚೀಟಿಯಲ್ಲಿ ಏನಿದೆ, ಮಾನಿಟರ್‌ಗೆ ಯಾವ ಕೇಬಲ್ ಹಾಕಿದ್ದೀರಿ ಅಂತ ಕೇಳದೆ ಯಾರೂ ಈ ಪ್ರಶ್ನೆಗೆ ಉತ್ತರ ಹೇಳಲಾರರು.

ಹೊಸದು ಕೊಳ್ಳಿ ಅನ್ನುವುದು ಸುಮ್ನೆ ಹೇಳಿಬಿಡುವ ಮಾತೂ ಅಲ್ಲ. 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಬಂದಿದೆ, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ ಅಂತ ವಿಶ್ವಸಂಸ್ಥೆಯ ವರದಿಯೇ ಹೇಳುತ್ತದೆ. ಒಂದು ಕೇಬಲ್‌ನಿಂದಲೋ, ಕಂಪ್ಯೂಟರನ್ನು ಶುರು ಮಾಡುವ ಮದರ್‌ಬೋರ್ಡಿನ ತಂತ್ರಾಂಶವಾದ ಬಯೋಸ್‌ನ ಒಂದು ಸೆಟ್ಟಿಂಗ್‌ನಿಂದಲೋ ಸರಿಹೋಗುವ ಯಂತ್ರ ಆ ರಾಶಿಗೆ ಸೇರಬಾರದು. ನನ್ನ ಕಳಕಳಿ ಇಷ್ಟೇ.

ಮೊದಲು ನೋಡಬೇಕಾದದ್ದು ತೀರಾ ಸಣ್ಣ ವಿಷಯ. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇದೆಯಾ? ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು (ಪ್ರೊಸೆಸರಿನಲ್ಲೋ ಬೋರ್ಡಿನಲ್ಲೋ ಮೊದಲೇ ಇರುವುದನ್ನು) ತಾವಾಗಿಯೇ ಬಂದ್ ಮಾಡುತ್ತವೆ, ಆಮೇಲೆ ಆ ಪೋರ್ಟಿನಿಂದ ಚಿತ್ರ ಬರುವುದಿಲ್ಲ. ಹಳೆ ಮಾನಿಟರ್‌ಗೆ ವಿಜಿಎ ಅನ್ನುವ ಹಳೆಯ ಅನಲಾಗ್ ಪೋರ್ಟ್ ಮಾತ್ರ ಇದ್ದರೆ ಇನ್ನೊಂದು ತೊಡಕು. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯಿಂದಲೇ ಎನ್‌ವಿಡಿಯಾ ಕಂಪನಿಯ ಕಾರ್ಡ್‌ಗಳಲ್ಲಿ ಅನಲಾಗ್ ಸಿಗ್ನಲ್ ಇಲ್ಲ. ಹಾಗಾಗಿ ಕಾರ್ಡಿನ ಡಿವಿಐ ಪೋರ್ಟಿನಿಂದ ವಿಜಿಎಗೆ ಹಾಕುತ್ತಿದ್ದ ಆ ಹಳೆಯ ಪುಟ್ಟ ಅಡಾಪ್ಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಡಿಜಿಟಲ್ ಸಿಗ್ನಲ್ಲನ್ನು ನಿಜವಾಗಿಯೂ ಅನಲಾಗ್‌ಗೆ ಬದಲಿಸುವ ಕನ್ವರ್ಟರ್ ಬೇಕು. ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತು, ತುದಿಯ ಲಾಕ್ ಬಿದ್ದಿದೆಯೇ ಅಂತಲೂ ನೋಡಿ. ಇದನ್ನೆಲ್ಲ ಮಾಡುವಾಗ ಪ್ಲಗ್ ಕಿತ್ತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು.

ಇನ್ನು ವಿದ್ಯುತ್ತಿನ ವಿಷಯ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಡಿಸ್‌ಪ್ಲೇ ಹೋಗುವುದಷ್ಟೇ ಅಲ್ಲ, ವೈರ್ ಸುಡುತ್ತದೆ. ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವಾಟ್. ಅದಕ್ಕಿಂತ ಜಾಸ್ತಿ ಬೇಕಾದರೆ ಕಾರ್ಡ್ ಅದನ್ನು ಎಸ್‌ಎಂಪಿಎಸ್‌ನಿಂದ ನೇರವಾಗಿ ಎಳೆಯಬೇಕು. 6 ಪಿನ್ ಕನೆಕ್ಟರ್ ಇನ್ನೊಂದು 75 ವಾಟ್ ಕೊಡುತ್ತದೆ, 8 ಪಿನ್ನಿನದು 150 ವಾಟ್. ಈ ಕನೆಕ್ಟರ್ ಹಾಕುವುದು ಮರೆತರೆ ಕಾರ್ಡಿನ ಫ್ಯಾನ್ ಜೋರಾಗಿ ತಿರುಗಬಹುದು, ಪರದೆಯಲ್ಲಿ ಮಾತ್ರ ಏನೂ ಕಾಣದು. ಫ್ಯಾನ್ ತಿರುಗುತ್ತಿದೆ ಅಂದ ಮಾತ್ರಕ್ಕೆ ವಿದ್ಯುತ್ ಸಾಕಷ್ಟು ಸಿಗುತ್ತಿದೆ ಅಂತ ಅಲ್ಲ.

ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ ಬರೆದ ವಾಟ್ ಸಂಖ್ಯೆಯನ್ನು ನಂಬಿ ಕೂರಬೇಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಮುಖ್ಯವಾಗಿ ಬಳಸುವುದು ಎಸ್‌ಎಂಪಿಎಸ್ ಕೊಡುವ 12 ವೋಲ್ಟಿನ ವಿದ್ಯುತ್ ಸಾಲನ್ನು. ಆ ಸಾಲಿಗೆ ಎಷ್ಟು ಆಂಪ್ ಅಂತ ಚೀಟಿಯಲ್ಲಿ ಹುಡುಕಿ. ಚೀಟಿ ಮೇಲೆ 300 ವಾಟ್ ಅಂತಿದ್ದು 12 ವೋಲ್ಟಿಗೆ 16 ಆಂಪ್ ಮಾತ್ರ ಇದ್ದರೆ, ಲೆಕ್ಕ ಹಾಕಿದಾಗ ಸಿಗುವುದು 192 ವಾಟ್, ಅದರಲ್ಲೇ ಪ್ರೊಸೆಸರ್ ಕೂಡ ಪಾಲು ಕೇಳುತ್ತದೆ. ಹಳೆ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟಿನ ಎರಡು ಸಾಲು ಬೇರೆಬೇರೆಯಾಗಿ ಬರೆದಿರುತ್ತಾರೆ, ಅವೆರಡನ್ನೂ ಕೂಡಿಸಿ ಅಷ್ಟೂ ಸಿಗುತ್ತದೆ ಅಂದುಕೊಳ್ಳಬಾರದು, ಎರಡೂ ಸೇರಿ ಎಷ್ಟು ಅನ್ನುವುದು ಚೀಟಿಯಲ್ಲೇ ಪ್ರತ್ಯೇಕವಾಗಿ ಇರುತ್ತದೆ, ಅದೇ ನಿಜವಾದ ಮಿತಿ. ಜೊತೆಗೆ ಒಳಗಿನ ಕೆಪಾಸಿಟರ್‌ಗಳಿಗೂ ವಯಸ್ಸಾಗಿರುತ್ತದೆ. ಡೆಸ್ಕ್‌ಟಾಪ್ ಚೆನ್ನಾಗಿ ಶುರುವಾಗಿ, ವಿಡಿಯೋ ನೋಡುವಾಗಲೂ ಸರಿಯಿದ್ದು, ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಇಡೀ ಕಂಪ್ಯೂಟರ್ ಪಟ್ ಅಂತ ಆಫ್ ಆಗುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಎಸ್‌ಎಂಪಿಎಸ್ಸನ್ನೇ.

ಅಡಾಪ್ಟರ್ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಕತ್ತರಿಸದೆ ಹಾಕಿ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಕನೆಕ್ಟರಿನಿಂದ ಗ್ರಾಫಿಕ್ಸ್ ಕಾರ್ಡಿಗೆ ವಿದ್ಯುತ್ ತೆಗೆಯುವ ಅಡಾಪ್ಟರ್‌ಗಳು ಸಿಗುತ್ತವೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು 3 ಸಣ್ಣ ಪಿನ್, ಒಂದೊಂದಕ್ಕೆ 1.5 ಆಂಪ್. ಅಂದರೆ ಒಟ್ಟು 54 ವಾಟ್. 75 ವಾಟ್ ಎಳೆಯುವ ಹಕ್ಕಿರುವ 6 ಪಿನ್ನಿಗೆ ಅದು ಸಾಲುವುದಿಲ್ಲ, 8 ಪಿನ್ನಿನ ಮಾತಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಕರಗುವುದು ಹೀಗೆಯೇ. ಪ್ರೊಸೆಸರಿಗೆ ಹೋಗುವ 8 ಪಿನ್ ಕೇಬಲ್ಲನ್ನು ಒತ್ತಿ ಕಾರ್ಡಿಗೆ ಹಾಕುವುದೂ ಅಪಾಯ. ನೋಡಲು ಎರಡೂ ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಜಾಗ ಅದಲುಬದಲು. ಹಾಗೆಯೇ ಕೇಬಲ್ ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ಇದ್ದರೆ ಅದರ ಕೇಬಲ್ಲನ್ನೇ ಬಳಸಿ. ಬೇರೆಯದರ ಕೇಬಲ್ ತೂರಿದರೂ ಒಳಗಿನ ಪಿನ್ ಜೋಡಣೆ ಬೇರೆ ಇರಬಹುದು.

ಎಸ್‌ಎಂಪಿಎಸ್ ಬದಲಿಸಲು ಆಗುವುದಿಲ್ಲ, ಅದರ ಆಕಾರವೇ ಬೇರೆ ಅನ್ನುವವರಿಗೂ ದಾರಿಯಿದೆ. ಸ್ಲಾಟಿನ 75 ವಾಟಿನಲ್ಲೇ ನಡೆಯುವ ಕಾರ್ಡ್‌ಗಳು ಇವೆ. 2016ರ ಜಿಟಿಎಕ್ಸ್ 1050 ಟಿಐ ಕಾಲದಿಂದಲೂ ಇವೆ. ಎಎಂಡಿ ಕಂಪನಿಯ ಆರ್‌ಎಕ್ಸ್ 6400ಕ್ಕೆ 53 ವಾಟ್ ಸಾಕು.

ವಿದ್ಯುತ್ ಸರಿಯಿದ್ದೂ ಡಿಸ್‌ಪ್ಲೇ ಇಲ್ಲ ಅಂದರೆ ಬಯೋಸ್ ಕಡೆ ತಿರುಗಬೇಕು. ಕಂಪ್ಯೂಟರ್ ಆನ್ ಆದ ಮೊದಲ ಕ್ಷಣಗಳಲ್ಲಿ ಮದರ್‌ಬೋರ್ಡ್ ಮತ್ತು ಕಾರ್ಡ್ ಎರಡೂ ಒಂದೇ ಭಾಷೆಯಲ್ಲಿ ಮಾತಾಡಬೇಕು. ಹಳೆ ಬೋರ್ಡ್‌ಗಳದು ಹಳೆ ಮಾದರಿಯ ಬಯೋಸ್, ಹೊಸವುಗಳದು ಯುಇಎಫ್‌ಐ. ಇವೆರಡರ ನಡುವಿನ ಕಾಲದಲ್ಲಿ ಬಂದ ಬೋರ್ಡ್‌ಗಳಲ್ಲಿ ಎರಡೂ ಇರುತ್ತವೆ, ಸಿಎಸ್‌ಎಂ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಹಳೆಯದೂ ನಡೆಯುತ್ತದೆ, ಬಂದ್ ಮಾಡಿದರೆ ಯುಇಎಫ್‌ಐ ಮಾತ್ರ. ತೊಂದರೆ ಜಾಸ್ತಿ ಕಾಣುವುದು ಈ ನಡುಗಾಲದ ಬೋರ್ಡ್‌ಗಳಲ್ಲೇ. ಹಾಗಾಗಿ ನನ್ನ ಸಲಹೆ, ಹೊಸ ಕಾರ್ಡ್ ಹಾಕುವ ಮೊದಲೇ, ಹಳೆ ಕಾರ್ಡೋ ಒಳಗಿನ ಗ್ರಾಫಿಕ್ಸೋ ಇನ್ನೂ ಕೆಲಸ ಮಾಡುತ್ತಿರುವಾಗಲೇ, ಬೋರ್ಡ್ ತಯಾರಕರ ಕೊನೆಯ ಬಯೋಸ್ ಅಪ್‌ಡೇಟ್ ಹಾಕಿಬಿಡಿ. ಆಮೇಲೆ ಪರದೆ ಕಪ್ಪಾದರೆ ಅಪ್‌ಡೇಟ್ ಮಾಡುವುದೂ ಕಷ್ಟ. ಬಯೋಸ್ ಒಳಗೆ ಮೊದಲ ಡಿಸ್‌ಪ್ಲೇ ಯಾವುದು ಅನ್ನುವ ಆಯ್ಕೆಯನ್ನು ಪಿಸಿಐ ಎಕ್ಸ್‌ಪ್ರೆಸ್‌ಗೆ ಇಡಿ. ಯಾವುದೂ ಹತ್ತದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟು ಮತ್ತೆ ಹಾಕಿ, ಸೆಟ್ಟಿಂಗ್‌ಗಳೆಲ್ಲ ಮೊದಲಿನಂತಾಗುತ್ತವೆ.

ಸಿಎಸ್‌ಎಂ ಮುಟ್ಟುವ ಮುಂಚೆ ಒಂದು ಎಚ್ಚರ ಬೇಕು. ಡಿಸ್ಕ್ ಹಳೆಯ ಎಂಬಿಆರ್ ರೀತಿಯಲ್ಲಿ ಭಾಗವಾಗಿದ್ದರೆ, ಸಿಎಸ್‌ಎಂ ಬಂದ್ ಮಾಡಿದ ಮೇಲೆ ವಿಂಡೋಸ್ ಏಳುವುದಿಲ್ಲ. ಜನ ಅದನ್ನೂ ಕಾರ್ಡಿನ ತಪ್ಪು ಅಂದುಕೊಳ್ಳುತ್ತಾರೆ. ವಿಂಡೋಸ್ 10ರಲ್ಲಿ ಎಂಬಿಆರ್2ಜಿಪಿಟಿ ಅನ್ನುವ ಸಾಧನ ಇದೆ, ಡೇಟಾ ಅಳಿಸದೆ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ರೀತಿಗೆ ಬದಲಿಸಿಕೊಡುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ.

ತಪ್ಪು ಯಾವಾಗಲೂ ಹಳೆ ಬೋರ್ಡಿನದೇ ಅಂತಲೂ ಅಲ್ಲ. ಹೊಸ ಡಿಸ್‌ಪ್ಲೇಪೋರ್ಟ್ ಮಾನಿಟರ್ ಜೋಡಿಸಿದಾಗ ವಿಂಡೋಸ್ ಬರುವವರೆಗೂ ಪರದೆ ಕಪ್ಪಗಿರುವ ಸಮಸ್ಯೆಗೆ 2018ರಲ್ಲಿ ಎನ್‌ವಿಡಿಯಾ ಕಂಪನಿಯೇ ಕಾರ್ಡಿನ ಫರ್ಮ್‌ವೇರ್ (ಅದರೊಳಗೇ ಇರುವ ತಂತ್ರಾಂಶ) ಸರಿಪಡಿಸುವ ಸಾಧನ ಬಿಟ್ಟಿತು. ಅದು ಬರುವವರೆಗೆ ಎಷ್ಟು ಜನ ಒಳ್ಳೆಯ ಬೋರ್ಡ್ ಎಸೆದಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ಇಂಥ ಕಡೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಿದರೆ ಡಿಸ್‌ಪ್ಲೇ ಬಂದುಬಿಡಬಹುದು.

ಡಿಸ್‌ಪ್ಲೇ ಬಂತು, ಆದರೆ ನಿರೀಕ್ಷಿಸಿದ ವೇಗ ಇಲ್ಲ ಅನ್ನುವುದು ಬೇರೆ ಕಥೆ. ಪಿಸಿಐ ಎಕ್ಸ್‌ಪ್ರೆಸ್‌ನ ಹೊಸ ಕಾರ್ಡ್ ಹಳೆ ಸ್ಲಾಟಿನಲ್ಲೂ ನಡೆಯುತ್ತದೆ, ನಿಜ. ಹೆಚ್ಚಿನ ಕಾರ್ಡ್‌ಗಳಿಗೆ ಅದರಿಂದ ದೊಡ್ಡ ನಷ್ಟವೂ ಇಲ್ಲ. ಆದರೆ ಕೆಲವು ಕಾರ್ಡ್‌ಗಳು ಸ್ಲಾಟಿನ 16 ಲೇನ್ (ಡೇಟಾ ಓಡಾಡುವ ದಾರಿ) ಪೂರ್ತಿ ಬಳಸುವುದೇ ಇಲ್ಲ. 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಿ, ಉದ್ದದ ಸ್ಲಾಟಿನಲ್ಲೇ ಕೂರುತ್ತದೆ, ಬಳಸುವುದು 4 ಲೇನ್ ಮಾತ್ರ. ನಾಲ್ಕನೇ ತಲೆಮಾರಿನ ಸ್ಲಾಟಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ಹಾದಿ ಸಿಗುತ್ತದೆ, ಮೂರನೆಯದರಲ್ಲಿ ಅದರ ಅರ್ಧ, ಎರಡನೆಯದರಲ್ಲಿ ಅದರದ್ದೂ ಅರ್ಧ. ಕಾರ್ಡಿನಲ್ಲಿರುವ 4 ಜಿಬಿ ಮೆಮೊರಿ ತುಂಬಿ ರ್‍ಯಾಮ್ ಕಡೆ ಓಡಾಟ ಶುರುವಾದಾಗ ಗೇಮ್ ಕುಂಟುತ್ತದೆ. ಕಡಿಮೆ ಬೆಲೆಯ ಕಾರ್ಡ್ ಕೊಳ್ಳುವವರಲ್ಲೇ ಹಳೆ ಬೋರ್ಡ್ ಇರುವವರು ಜಾಸ್ತಿ, ಪೆಟ್ಟು ಬೀಳುವುದೂ ಅವರಿಗೇ. ಇದು ನ್ಯಾಯವಲ್ಲ. ಇಂಟೆಲ್‌ನ ಆರ್ಕ್ ಕಾರ್ಡ್‌ಗಳಿಗೆ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಟ್ಟಿಗೇ ತಲುಪಲು ಬಿಡುವಂಥದ್ದು) ಬೋರ್ಡಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ವೇಗ ಬಹಳ ಬೀಳುತ್ತದೆ. ತುಂಬಾ ಹಳೆಯ ಬೋರ್ಡಿನಲ್ಲಿ ಅದು ಸಿಗುವುದು ಅಪರೂಪ.

ಡ್ರೈವರ್ ವಿಷಯ ಚಿಕ್ಕದು. ಹಳೆ ಕಾರ್ಡಿನ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ, ಅದರಲ್ಲೂ ಒಂದು ಕಂಪನಿಯ ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ. ಇನ್ನೂ 32 ಬಿಟ್ ವಿಂಡೋಸ್ ಇಟ್ಟುಕೊಂಡವರು ಗಮನಿಸಿ, 2018ರಿಂದಲೇ ಎನ್‌ವಿಡಿಯಾ ಅದಕ್ಕೆ ಹೊಸ ಡ್ರೈವರ್ ನಿಲ್ಲಿಸಿದೆ.

ಎಲ್ಲ ಹಳೆ ಕಂಪ್ಯೂಟರಿಗೂ ಹೊಸ ಕಾರ್ಡ್ ಹಾಕಿಸಿ ಅಂತ ನಾನು ಹೇಳುತ್ತಿಲ್ಲ. ಗೇಮ್ ಆಡುವಾಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡ್ ಅರ್ಧ ಮಾತ್ರ ದುಡಿಯುತ್ತಾ, ಪ್ರೊಸೆಸರ್ ಪೂರ್ತಿ ಸುಸ್ತಾಗಿದ್ದರೆ ಇನ್ನೂ ದೊಡ್ಡ ಕಾರ್ಡ್ ತಂದು ಪ್ರಯೋಜನವಿಲ್ಲ. ಅಂಥವರಿಗೆ ಹೊಸ ಯಂತ್ರವೇ ಸರಿ ಅಂತ ಧೈರ್ಯವಾಗಿ ಹೇಳಬಹುದು. ಆದರೆ ಅದು ನೋಡಿ ಹೇಳುವ ಮಾತಾಗಬೇಕು, ವರ್ಷ ಎಣಿಸಿ ಹೇಳುವ ಮಾತಲ್ಲ.

ಇಷ್ಟೆಲ್ಲವನ್ನು ಕೊಳ್ಳುವವರೇ ಕಲಿತುಕೊಳ್ಳಬೇಕೇ ಅನ್ನುವುದು ನನ್ನ ದೊಡ್ಡ ಪ್ರಶ್ನೆ. ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಆರ್‌ಟಿಎಕ್ಸ್ 3050 ಅನ್ನುವ ಒಂದೇ ಹೆಸರಿನಲ್ಲಿ ಮೊದಲು ಬಂದ 8 ಜಿಬಿಯದು 130 ವಾಟ್ ಕೇಳುತ್ತದೆ, ಬೇರೆ ಪವರ್ ಕನೆಕ್ಟರ್ ಬೇಕು. 2024ರಲ್ಲಿ ಬಂದ 6 ಜಿಬಿಯದು 70 ವಾಟಿನಲ್ಲಿ ಮುಗಿಯುತ್ತದೆ, ಹೆಚ್ಚಿನವಕ್ಕೆ ಸ್ಲಾಟ್ ಒಂದೇ ಸಾಕು. ಹಳೆ ಡೆಸ್ಕ್‌ಟಾಪ್ ಇರುವವರಿಗೆ ಇವೆರಡೂ ಬೇರೆಯೇ ವಸ್ತುಗಳು. ಇಷ್ಟು ವಾಟಿನ ಪವರ್ ಸಪ್ಲೈ ಇರಲಿ ಅಂತ ಬಾಕ್ಸಿನ ಮೇಲೆ ಹಾಕುವ ಒಂದು ಸಂಖ್ಯೆಯಿಂದ ಯಾರಿಗೂ ಸಹಾಯವಾಗದು. 12 ವೋಲ್ಟಿಗೆ ಎಷ್ಟು ಆಂಪ್ ಬೇಕು, ಯಾವ ಕನೆಕ್ಟರ್ ಎಷ್ಟು ಬೇಕು, ಎಷ್ಟು ಲೇನ್ ಬಳಸುತ್ತದೆ, ಹಳೆ ಬಯೋಸ್‌ನಲ್ಲಿ ಡಿಸ್‌ಪ್ಲೇ ಬರುತ್ತದೋ ಇಲ್ಲವೋ, ಕಾರ್ಡ್ ಎಷ್ಟು ಮಿಲಿಮೀಟರ್ ಉದ್ದ, ಇದನ್ನೆಲ್ಲ ತಯಾರಕರು ಓದುವಂಥ ಅಕ್ಷರದಲ್ಲಿ ಬಾಕ್ಸಿನ ಮೇಲೆ ಅಚ್ಚು ಹಾಕಬೇಕು. ವಿಮರ್ಶೆ ಬರೆಯುವವರು ಹೊಸ ಕಾರ್ಡನ್ನು ಅತಿ ವೇಗದ ಪ್ರೊಸೆಸರ್ ಜೊತೆ ಅಳೆಯುತ್ತಾರೆ, ಅದು ಕಾರ್ಡಿನ ಪೂರ್ತಿ ಶಕ್ತಿ ತಿಳಿಯಲು ಬೇಕು, ಒಪ್ಪುತ್ತೇನೆ. ನಿಮ್ಮ ಪತ್ರಿಕೆ ಕಡಿಮೆ ಬೆಲೆಯ ಕಾರ್ಡುಗಳ ಬಗ್ಗೆ ಬರೆಯುವಾಗಲಾದರೂ ಅದನ್ನು ಮೂರನೇ ತಲೆಮಾರಿನ ಸ್ಲಾಟ್ ಇರುವ ಒಂದು ಹಳೆ ಬೋರ್ಡಿನಲ್ಲೂ ಹಾಕಿ ನೋಡಿ, ಬಂದ ಫಲಿತಾಂಶವನ್ನು ಪಕ್ಕದಲ್ಲೇ ಪ್ರಕಟಿಸಲಿ.

ಇತಿ,
ನಿಮ್ಮ ಓದುಗ